ಒಣ ತೂಕ

ಚಿಂತಾಮಣಿಯಿಂದಾಚೆ, ಗುಂಡುಬಂಡೆಗಳ ಬೆನ್ನಿಗೆ
ಕೇಂದ್ರದ ಹನ್ನೆರಡು ಮಡಿ ರಾಗಿ.
ಒಂದೊಂದರ ತಲೆಗೂ ತಗಡಿನ ಹಣೆಪಟ್ಟಿ:
ಔಷಧಿ ಹೊಡೆದದ್ದು, ಕುಂಟೆ ಹೊಡೆದದ್ದು,
ಕೈಯಲ್ಲಿ ಕಿತ್ತದ್ದು, ಮುಟ್ಟದೆ ಬಿಟ್ಟದ್ದು.
ನಾಲ್ಕನ್ನೂ ಮೂರು ಮೂರು ಸಲ ಚೀಟಿ ಎತ್ತಿ ಹಂಚಿದ್ದೇವೆ,
ನಮ್ಮ ಪಕ್ಷಪಾತ ಮಣ್ಣಿಗೆ ಗೊತ್ತಾಗದ ಹಾಗೆ.

ನನ್ನ ಕೆಲಸ, ಅರ್ಧ ಮೀಟರಿನ ಮರದ ಚೌಕಟ್ಟು
ಕಣ್ಣು ಮುಚ್ಚಿ ಎಸೆಯುವುದು,
ಬಿದ್ದಲ್ಲಿ ಕೂತು ರಾಗಿಯಲ್ಲದ್ದನ್ನೆಲ್ಲ ಕೀಳುವುದು,
ಎಣಿಸಿ, ಕಾಗದದ ಲಕೋಟೆಗೆ ತುಂಬಿ,
ಎಪ್ಪತ್ತು ಡಿಗ್ರಿ ಓವನ್ನಿನಲ್ಲಿ ಎರಡು ದಿನ ಇಟ್ಟು
ಉಳಿದದ್ದನ್ನು ತೂಗುವುದು.
ಕಾಲಂ ಒಂದೇ. ಹೆಸರು: ಕಳೆ.

ಮೂವತ್ತನೆಯ ದಿನ, ಹನ್ನೊಂದನೆಯ ಮಡಿಯಲ್ಲಿ
ಚೌಕಟ್ಟು ಬಿದ್ದದ್ದು ಬರಿ ನೆಲದ ಮೇಲೆ.
ಇನ್ನೊಮ್ಮೆ ಎಸೆದೆ. ನಾಲ್ಕೆಸಳು ಹುಲ್ಲು, ಬರಿ ನೆಲ.
ಮುಟ್ಟದೆ ಬಿಟ್ಟ ಮಡಿ ಅದು!
ಹಣೆಪಟ್ಟಿಯನ್ನು ಎರಡು ಸಲ ಓದಿದೆ.
ಬದುವಿನಾಚೆ ಪಿಳ್ಳಕ್ಕ
ಸೆರಗಿಗೆ ಗಂಟು ಹಾಕುತ್ತಿದ್ದಳು.

"ಏನ್ ಮಾಡೋದು ಸಾರ್,
ನೀವು ಬರೋ ಹೊತ್ಗೆ ಬಲ್ತೋಗ್ತಿತ್ತು."

ಮಡಿಲಲ್ಲಿ ಅಣ್ಣೆ, ದಗ್ಗಲಿ, ಎಳೆ ಗಣಿಕೆ, ಗೋಣಿ,
ಮುಳ್ಳು ಮೂಡುವ ಮುಂಚಿನ ಕೀರೆ.
ಲ್ಯಾಟಿನ್ನಿನಲ್ಲಿ ನನಗೆ ಅಷ್ಟೂ ಬಾಯಿಪಾಠ.
ಯಾವುದು ಹುಳಿ, ಯಾವುದಕ್ಕೆ ಯಾವುದು ಜೊತೆ,
ಯಾವುದು ಬಾಣಂತಿಗೆ ಬೇಡ
ಅನ್ನುವುದು ಯಾವ ಸೆಮಿಸ್ಟರಿನಲ್ಲೂ ಬರಲಿಲ್ಲ.

ಹನ್ನೆರಡು ಮಡಿಗೂ ಅವಳದೇ ಹೆಸರುಗಳಿದ್ದವು:
ಇದು ಮಸ್ಸೊಪ್ಪಿನದು, ಇದು ಉಪ್ಸಾರಿನದು,
ಅದು ಶ್ರಾವಣ ಕಳೆದ ಮೇಲೆ ಕಹಿ.
ಔಷಧಿ ಹೊಡೆದ ಮೂರಕ್ಕೆ,
ಬಂದವರಿಗೆಲ್ಲ ನಾವು ಮೊದಲು ತೋರಿಸುವ,
ಎಣ್ಣೆ ಹಚ್ಚಿ ಬೈತಲೆ ತೆಗೆದಂಥ ಸಾಲುಗಳಿಗೆ
ಅವಳಿಟ್ಟದ್ದು ಒಂದೇ ಮಾತು:
"ಅಲ್ಲೇನೈತೆ?"

ಮಾರನೆಯ ಮಧ್ಯಾಹ್ನ, ಪಂಪ್‌ಹೌಸಿನ ನೆರಳಲ್ಲಿ
ಸ್ಟೀಲ್ ಡಬ್ಬಿ ಬಿಚ್ಚಿ ನನ್ನ ಮುಂದೆ ತಳ್ಳಿದಳು.
ಬೆಳ್ಳುಳ್ಳಿ ಸಿಡಿದ ಘಮ.
ಮುದ್ದೆ ಮುರಿದು, ಅದ್ದಿ, ಅಗಿಯದೆ ನುಂಗಿದೆ
ಮೂರನೆಯ ಪುನರಾವರ್ತನೆಯ ಅಂಕಿಯನ್ನು.

ಸಾಹೇಬರು ಖಾಲಿ ಮನೆಯ ಮೇಲೆ ಪೆನ್ನಿಟ್ಟು ಕೇಳಿದರು.
ದನ ನುಗ್ಗಿತ್ತು ಸಾರ್, ಅಂದೆ.
ಕಳೆದುಹೋದ ಅಂಕಿಗೂ ನಮ್ಮಲ್ಲೊಂದು ಸೂತ್ರವಿದೆ,
ಉಳಿದವುಗಳ ಮುಖ ನೋಡಿ ಊಹಿಸಿ ತುಂಬುವುದು.
ತುಂಬಿದೆ.
ಸುದ್ದಿ ಹೇಗೋ ಪಿಳ್ಳಕ್ಕನ ಕಿವಿಗೂ ಬಿತ್ತು.
"ನನ್ನೇ ದನ ಮಾಡ್ದ್ಯೇನಪ್ಪಾ" ಎಂದು
ಕುಡುಗೋಲು ಕೆಳಗಿಟ್ಟು ನಕ್ಕಳು.
ನಕ್ಕವಳು ಎರಡು ದಿನ ಡಬ್ಬಿ ತಳ್ಳಲಿಲ್ಲ.

ಅರವತ್ತನೆಯ ದಿನ ಚೌಕಟ್ಟನ್ನು ಅವಳ ಕೈಗೇ ಕೊಟ್ಟೆ.
ಕಣ್ಣು ಮುಚ್ಚು ಅಂದರೆ ಮುಚ್ಚಲಿಲ್ಲ,
ಚೆನ್ನಾಗಿ ಬೆಳೆದ ಕಡೆಗೇ ಎಸೆದಳು.
ಓವನ್ನಿನಿಂದ ಲಕೋಟೆ ತೆಗೆಯುವಾಗ
ಚಪ್ಪಲಿ ಹೊರಗೆ ಬಿಟ್ಟು ಪಕ್ಕದಲ್ಲೇ ನಿಂತಿದ್ದಳು.
ತಕ್ಕಡಿಯ ಗಾಜಿನ ಮನೆಯೊಳಗೆ
ಮುಟ್ಟಿದರೆ ಪುಡಿಯಾಗುವ ಹೊಟ್ಟು.

"ಎಷ್ಟಾಯ್ತು?"
ಹನ್ನೊಂದು ಗ್ರಾಂ.
"ಒಣಗ್ಸಿ ತೂಗಿದ್ರೆ
ಯಾರ್ ಮನೆ ಸಾರು ತಾನೆ ತೂಗ್ತದೆ?"

ಪುಸ್ತಕದ ಅಂಚಿನಲ್ಲಿ, ಕಾಲಮ್ಮಿನ ಗೆರೆಯಾಚೆ,
ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ:
ಹನ್ನೊಂದನೆಯ ಮಡಿ, ಮೂವತ್ತನೆಯ ದಿನ.
ಹಸಿ ತೂಕ, ಒಂದು ಮಡಿಲು.
ಸಾಹೇಬರು ಅಳಿಸಲೂಬಹುದು.