ಮುಂದಿನ ವಾರದವರೆಗೆ

ಬ್ರೆಡ್ಡು ಮಾರುವ ಇಬ್ಬರು ಹುಡುಗರು ಹಿಂದಿನಿಂದ ತಳ್ಳುತ್ತ,
ಬಕುಲಿ ಸ್ಟಿಯರಿಂಗ್ ಹಿಡಿದು ಕಿಟಕಿಯಿಂದ ಬೈಯುತ್ತ,
ತಾನಾ ಪಟ್ಟಣದ ಕಲ್ಲುಹಾಸಿನ ಏರು ಹತ್ತಿ ಬಂತು
ಕೆನೆಬಣ್ಣದ ಟ್ಯಾಕ್ಸಿ, ನನಗಿಂತ ಹಿರಿಯ ರೆನೋ.

"ಕ್ಲಚ್ಚು ಬಿಟ್ಟರೆ ಇಂಜಿನ್ನು ಎದ್ದು ನಿಲ್ಲುತ್ತೆ ಕಣಯ್ಯಾ,
ಗಾಡಿ ಕೂತೇ ಇರುತ್ತೆ."

ಬಾನೆಟ್ಟು ಎತ್ತಿದೆ. ಮೌಂಟಿಂಗಿನ ಬೋಲ್ಟಿಗೆ ತಲೆಯಿಲ್ಲ.
ಹಲ್ಲು ಮುರಿದು ಬೇರು ವಸಡಿನೊಳಗೇ ಉಳಿದ ಹಾಗೆ
ಮುಂಡ ಮಾತ್ರ ಒಳಗೆ,
ಹಿಡಿಯಲು ಒಂದು ಉಗುರಿನಷ್ಟೂ ಹೊರಗಿಲ್ಲ.

ಅಷ್ಟರಲ್ಲಿ ಕರೆಂಟು ಹೋಯಿತು.
ಬಕುಲಿ ತನ್ನ ಕಾಲ ಬಳಿಯ ಪೆಟ್ರೋಲ್ ಬಾಟಲಿಯನ್ನು
(ಅದೇ ಅವಳ ಟ್ಯಾಂಕು, ನೀರಿನ ಬಾಟಲಿ, ಒಂದು ಪೈಪು)
ಎತ್ತಿಕೊಂಡು ಬೀದಿಯ ಆಚೆ ಹೋಗಿ ಕೂತಳು,
ಮಗುವನ್ನು ಮಡಿಲಲ್ಲಿಟ್ಟುಕೊಂಡಂತೆ.

ನಡುವನ್ನು ಹುಡುಕುವುದೇ ಅರ್ಧ ಕೆಲಸ.
ಪಂಚು ಇಟ್ಟು ಒಂದೇ ಏಟು,
ಆಮೇಲೆ ಕೈಡ್ರಿಲ್ಲಿನಲ್ಲಿ ಅಕ್ಕಿಕಾಳಿನಷ್ಟು ಸಣ್ಣ ತೂತು.
ಅವಸರ ಬೇಡ. ಕೀಳುವ ಉಳಿಯೂ ಅಲ್ಲೇ ಮುರಿದರೆ
ಕಳ್ಳನ ಹಿಂದೆ ಓಡಿದ ಪೊಲೀಸನೂ
ಅದೇ ಬಾವಿಗೆ ಬಿದ್ದ ಹಾಗೆ.

ಬ್ಲೋಲ್ಯಾಂಪಿನಿಂದ ಕಾಯಿಸಿದೆ. ಮೇಣದಬತ್ತಿ ಒತ್ತಿದೆ.
ಬೆಳಕಿಗೆ ತಂದದ್ದೇ ಔಷಧಿಗೂ ಆಯಿತು:
ಥ್ರೆಡ್ಡಿನ ಸಂದು ಸಂದಿಗೂ ಮೇಣ ಇಳಿಯಿತು,
ಕಬ್ಬಿಣ ಕುಡಿಯುವ ಸದ್ದು ಕೇಳಿದೆ ಅಂದರೆ ನಗುತ್ತೀರಿ.
ತಿರುಗಿಸಿದೆ. ಇಲ್ಲ.
ಇನ್ನೊಮ್ಮೆ ಕಾಯಿಸಿದೆ, ಇನ್ನೊಮ್ಮೆ ಮೇಣ.
ಕಿರ್ರ್...
ಕಾಲು ಸುತ್ತು.

ಅಂಗೈಗೆ ಬಂದಾಗ ಬಿಸಿಯಿತ್ತು.
ಮುರಿದ ಮುಖದ ಮುಕ್ಕಾಲು ಪಾಲು ಕಪ್ಪು,
ಗದ್ದೆಯ ಬದುಗಳಂತೆ ಗೆರೆಯ ಪಕ್ಕ ಗೆರೆ,
ಅಂಚಿನಲ್ಲಿ ಮಾತ್ರ ಬಿದಿಗೆ ಚಂದ್ರನಷ್ಟು ಹೊಳಪು.
ಇವತ್ತು ಮುರಿದದ್ದು ಅಷ್ಟೇ.
ಉಳಿದದ್ದು ಎಂದೋ ಬಿರುಕುಬಿಟ್ಟು
ಯಾರಿಗೂ ಹೇಳದೆ ಇಂಜಿನ್ನು ಹೊತ್ತಿತ್ತು.

ತುದಿ ತಿರುಗಿಸಿ ನೋಡಿದೆ.
ಅರದ ಮೂರು ಗೀರು, ಓರೆ.
ನನ್ನ ಕೈಯದೇ.

ಆಗ ಹದಿನಾರು ವರ್ಷ ನನಗೆ.
ಯಜಮಾನ ರಲಾಂಬು ಯಾವುದೋ ಮದುವೆಗೆ ಹೋಗಿದ್ದ.
ಗಾಡಿ ಆಗ ಒಬ್ಬ ಬೇಕರಿಯವನದು, ಅವನಿಗೋ ಅವಸರ.
ಗುಜರಿಯಲ್ಲಿದ್ದ ಆಸ್ಪತ್ರೆ ಮಂಚದ ಬೋಲ್ಟು ಬಿಚ್ಚಿ,
ಉದ್ದವಾಯಿತೆಂದು ತುದಿ ಅರೆದು,
ಒದ್ದು ಕೂರಿಸಿ ಹೇಳಿದ್ದೆ:
ಮುಂದಿನ ವಾರದವರೆಗೆ ತಡೆಯುತ್ತೆ.
ಹತ್ತೊಂಬತ್ತು ವರ್ಷದ ವಾರ.

"ಯಾವ ಪಾಪಿ ಹಾಕಿದ್ದು ಇದನ್ನ?"
ಬಕುಲಿ ಹಿಂದೆಯೇ ನಿಂತಿದ್ದಳು.
ಕೈ ಒರೆಸಿಕೊಂಡೆ. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡೆ.
"ಯಾರೋ ಹುಡುಗ. ಮಂಚದ ಬೋಲ್ಟು."
ಮೇಣದಬತ್ತಿಯ ಹತ್ತಿರ ಹಿಡಿದು ನೋಡಿದಳು,
ಹೊಟ್ಟೆ ಹಿಡಿದುಕೊಂಡು ನಕ್ಕಳು:
"ಮಲಗಬೇಕಾದ್ದನ್ನ ಇಷ್ಟು ವರ್ಷ ಓಡಿಸಿಬಿಟ್ಟನಲ್ಲ!"

ಹೊಸ ಬೋಲ್ಟು ಹಾಕಿದೆ, ತಲೆಯ ಮೇಲೆ ನಂಬರಿರುವಂಥದ್ದು.
ಬೋಲ್ಟಿನ ದುಡ್ಡಷ್ಟೇ ಕೇಳಿದೆ.
"ಯಾಕೆ ಕಮ್ಮಿ?" ಕಣ್ಣು ಕಿರಿದಾಯಿತು.
"ಕರೆಂಟಿರಲಿಲ್ಲವಲ್ಲ."

ಒಂದು ಮಾತು ಉಳಿಯಿತು.
ಎಡಗಡೆಯ ರಬ್ಬರೂ ಹರಿದಿತ್ತು, ಊರೆಲ್ಲ ಹುಡುಕಿದರೂ ಸಿಗಲಿಲ್ಲ.
ಲಾರಿ ಟೈರಿನ ತುಂಡು ಕತ್ತರಿಸಿ ಕೂರಿಸಿದ್ದೇನೆ.
"ಮುಂದಿನ ವಾರ ಬಾ," ಎಂದು ಕೂಗಿದೆ.
ಕೇಳಿಸಿತೋ ಇಲ್ಲವೋ. ಪೆಟ್ರೋಲು ಉಳಿಸಲು ಇಂಜಿನ್ನು ಆರಿಸಿ
ಇಳಿಜಾರಿಗೆ ಬಿಟ್ಟಿದ್ದಳು ಆಗಲೇ,
ಬರೀ ಚಕ್ರದ ಸದ್ದು, ಕಲ್ಲಿನ ಮೇಲೆ.