ಎಂಟು ಮಿಲ್ಲಿ ಗಂಟಲು

ಬೆಂಗ್ರೆ ದೋಣಿ ಕಾಯುವವರು ನಿಲ್ಲುವಲ್ಲಿ,
ಬಂದರಿನ ಅಡ್ಡ ಓಣಿಯಲ್ಲಿ ನನ್ನ ಲೇತು.
ಬರುವುದೆಲ್ಲ ಬೋಟಿನವರ ಮಾಲು:
ಸವೆದ ಬುಷ್ಷು, ಬಾಗಿದ ಶಾಫ್ಟು, ತ್ರೆಡ್ಡು ಹೋದ ನಟ್ಟು.
ಆ ದಿನ ಬೊನಿಫಾಸ್ ಪೊರ್ಬು ಕರ್ಚೀಫು ಬಿಚ್ಚಿ
ಮೇಜಿನ ಮೇಲಿಟ್ಟದ್ದು
ಬಾಲ ಬಂದ ಎರಡು ಚಾಯದ ಗ್ಲಾಸಿನಂಥದ್ದು.

"ಟ್ಯೂಬಾದ ಬಾಯಿ ಇದು, ಬಾವುಂಞಿ.
ಹಳತು ಅಪ್ಪನದ್ದು. ಹೊಸತು ಮಗಳು ತರಿಸಿದ್ದು, ಪಾರ್ಸೆಲಿನಲ್ಲಿ.
ಎರಡೂ ಆಗುವುದಿಲ್ಲ ನನಗೆ."
ಮುಂದಿನ ಹಲ್ಲು ಹೋದಲ್ಲಿಂದ
ಮಾತಿನ ಜೊತೆ ಗಾಳಿಯೂ ಬಂತು.

ಹೊಸತರ ಒಳಗೆ ಬೆರಳಿಟ್ಟೆ: ಗೆರಟೆ.
ಗುಂಡಗೆ, ಗಿಡ್ಡ. ಬೇಗ ತಳ ಸಿಕ್ಕಿತು.
ಅದರಲ್ಲಿ ಸ್ವರ ಕರೆದ ಕೂಡಲೇ ಬರುತ್ತದಂತೆ,
ಹೋಟೆಲಿನ ಮಾಣಿಯ ಹಾಗೆ.
ಮದುವೆ ಹಾಲಿನ ಕೊನೆಯ ಕುರ್ಚಿಗೂ ಮುಟ್ಟುತ್ತದಂತೆ.
ಕೆಳಗೆ ಇಳಿದರೆ ಮಾತ್ರ
ಮೇ ತಿಂಗಳ ಬಾವಿ,
ಕೊಡಪಾನ ಕಲ್ಲಿಗೆ ತಾಗಿದ ಸದ್ದು.

ಹಳತು ಲಾಳಿಕೆ. ಸೀಮೆಎಣ್ಣೆ ಹೊಯ್ಯುವ ಲಾಳಿಕೆಯೇ.
ತುಟಿಯಿಂದ ನೇರ ಇಳಿಜಾರು, ತಳವೆಂಬುದೇ ಇಲ್ಲ,
ಗಂಟಲೇ ತಳ.
ಅದರ ಸ್ವರಕ್ಕೆ ಅಂಚಿಲ್ಲ, ಮೈ ಉಂಟು.
ಸಾವಿನ ಮೆರವಣಿಗೆಗೆ ಅದೇ ಬೇಕು, ಹೇಳಿದರು,
ಪೆಟ್ಟಿಗೆ ಹೊತ್ತವರ ಕಾಲಡಿಗೆ ಹಾಸಿದ ಹಾಗೆ ಇರಬೇಕು.
ಆದರೆ ಅರವತ್ತೆಂಟು ವರ್ಷದ ಉಸಿರು
ಜೆಪ್ಪುವಿನಲ್ಲಿ ಇಗರ್ಜಿಯ ಮೆಟ್ಟಿಲಿಂದ
ಸೆಮಿಟ್ರಿಯ ಗೇಟಿನವರೆಗೆ ಸಾಲುವುದಿಲ್ಲ.

ನನಗೆ ಸಂಗೀತ ಗೊತ್ತಿಲ್ಲ. ತೂತು ಗೊತ್ತು.
ಮೋಂಬತ್ತಿಯ ಉಳಿಕೆ ತುಂಡು ಅವರೇ ತಂದಿದ್ದರು.
ಕರಗಿಸಿ ಎರಡರೊಳಗೂ ಹೊಯ್ದೆ,
ತಣಿದ ಮೇಲೆ ತಟ್ಟಿ ತೆಗೆದೆ.
ಪೇಪರಿನ ಮೇಲೆ ಎರಡು ಬಿಳಿ ಗೊಂಬೆ,
ಒಂದು ಕುಳ್ಳ, ಒಂದಕ್ಕೆ ಮೂತಿ ಚೂಪು.
ಪೊರ್ಬು ಬಹಳ ಹೊತ್ತು ನೋಡಿದರು.
ನಲವತ್ತು ವರ್ಷ ಅಲ್ಲಿಗೆ ಉಸಿರು ಕಳಿಸಿದವರು
ಅದು ನಿಂತು ಹೋಗುವ ಜಾಗದ ಮುಖ
ಕಂಡದ್ದು ಅಂದೇ ಮೊದಲು.

"ಮೇಲೆ ಗೆರಟೆ ಇರಲಿ, ಅರ್ಧ ದಾರಿಯಿಂದ ಲಾಳಿಕೆ ಮಾಡು,"
ಎಂದರು, ಸಾರಿಗೆ ಉಪ್ಪು ಹೇಳಿದ ಹಾಗೆ.

ಹಿತ್ತಾಳೆ ಶಾಫ್ಟಿನ ಮೋಟು ತುಂಡೊಂದು ಇತ್ತು,
ಹತ್ತು ವರ್ಷ ಕಡಲ ನೀರು ಕುಡಿದದ್ದು.
ಬಾಯಿ ಮೂವತ್ತೆರಡೂವರೆ ಮಿಲ್ಲಿ.
ಅಂಚು ಅಗಲ ಇಟ್ಟೆ,
ಹಲ್ಲಿಲ್ಲದ ತುಟಿಗೆ ಒರಗಲು ಜಾಗ ಬೇಕಲ್ಲ.
ಗಂಟಲಿಗೆ ಎಂಟರ ಡ್ರಿಲ್ಲು ಎಂದುಕೊಂಡು
ಎಂಟೂವರೆಯದ್ದು ಹಾಕಿದೆ.
ಅರ್ಧ ಮಿಲ್ಲಿ ಮಾರಾಯ್ರೆ!
ಬೋಟಿಗಾದರೆ ಗ್ರೀಸು ಹಚ್ಚಿ ಕೊಡಬಹುದಿತ್ತು.
ಪೊರ್ಬು ಊದಿದರು, ಎರಡು ಸ್ವರ, ಮೂರು,
ಮತ್ತೆ ಸ್ಟೂಲು ಹುಡುಕಿದರು.
ಗಾಳಿಯೆಲ್ಲ ತೂತು ಬಿದ್ದ ಗೋಣಿಯ ಅಕ್ಕಿ.

ಇನ್ನೊಂದು ಮಾಡಿದೆ. ಈ ಸಲ ಎಂಟು. ಎರಡು ಸಲ ಅಳೆದು.

ಗುರುವಾರ ಟ್ಯೂಬಾವನ್ನು ಅಂಗಡಿಗೇ ತಂದು
ಹಠದ ಮಗುವಿನಂತೆ ಮಡಿಲಲ್ಲಿ ಕೂರಿಸಿ
ಇಳಿದರು.
ಇನ್ನೂ ಇಳಿದರು.
ಮೊದಲು ಡಬ್ಬಿಯ ನಟ್ಟುಗಳು ಎದ್ದವು,
ಆಮೇಲೆ ಚಾಯದ ಕೆನೆ,
ಆಮೇಲೆ ನನ್ನ ಮೊಣಕಾಲ ಚಿಪ್ಪು.
ಕಿವಿಗೆ ಬಂದದ್ದು ಕೊನೆಗೆ.
ಪಕ್ಕದ ಐಸ್ ಫ್ಯಾಕ್ಟರಿಯ ಹುಡುಗ ಇಣುಕಿ ಕೇಳಿದ,
ಯಾವ ಬೋಟು ಸ್ಟಾರ್ಟಾದ್ದು?

"ಎಷ್ಟಾಯ್ತು?"
ತೆಗೆದು ಬಿಸಾಡಿದ ಹಿತ್ತಾಳೆಗೆ ಕೇಳುವುದೋ,
ಒಳಗೆ ಉಳಿಸಿದ ಖಾಲಿಗೆ ಕೇಳುವುದೋ
ತಿಳಿಯದೆ ಶಾಫ್ಟಿನ ರೇಟು ಹೇಳಿದೆ.

ಮೇಣದ ಗೊಂಬೆಗಳು ಏಪ್ರಿಲಿನ ಸೆಕೆಗೆ
ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಂಡವು.
ಕೆಟ್ಟುಹೋದ ಮೊದಲಿನದ್ದನ್ನು ಬಿಸಾಡಲಿಲ್ಲ.
ಲೇತಿಗೆ ಎಣ್ಣೆ ಹೊಯ್ಯಲು ಈಗ ಅದೇ.
ಗಂಟಲು ಸ್ವಲ್ಪ ದೊಡ್ಡದು.
ಎಣ್ಣೆಗೆ ಒಳ್ಳೆಯದು.