ಬೇಕಪ್ಪಿನಲ್ಲಿ ಸಾಕು

ಊರ ಹೆಸರು ಬೇಕಪ್. ಲ್ಯಾಂಕಷೈರಿನ ಗುಡ್ಡದ ಸಂದಿ.
ಬಸ್ಸಿನ ಬೋರ್ಡು ಓದಿ ಮೊದಲ ದಿನ ಒಬ್ಬಳೇ ನಕ್ಕಿದ್ದೆ,
ಬೇಕಪ್ಪಾ ಬೇಕು ಎಂದು ಹಟ ಹಿಡಿದ ಕೂಸಿನ ಹಾಗಿತ್ತು.

ಏರುಬೀದಿಯ ಹದಿನೇಳನೆಯ ಕಲ್ಲುಮನೆ, ಏಳೂವರೆಗೆ ನನ್ನ ಪಾಳಿ,
ಮೂವತ್ತೇ ನಿಮಿಷ: ಮಾತ್ರೆ, ಚಹಾ, ಟೋಸ್ಟು, ಕಾಲುಚೀಲ,
ನಡುವೆ ಹಳದಿ ಹಾಳೆ. ಅದರಲ್ಲಿ ಎರಡು ಚೌಕ:
ತಿಂದದ್ದು ಎಷ್ಟು? ಮನಸ್ಸು ಹೇಗಿದೆ?
ಎರಡನೆಯದಕ್ಕೆ ಬರೆದೆ: ಸ್ಯಾಡ್.

ವಿನಿಫ್ರೆಡ್ ಆರ್ಮರಾಡ್, ತೊಂಬತ್ತೊಂದು ತುಂಬಿದವಳು,
ಊರ ಲೈಬ್ರರಿಯಲ್ಲಿ ನಲವತ್ತು ವರ್ಷ ತಾರೀಖು ಒತ್ತಿದವಳು,
ಹಾಳೆ ಕಸಿದು ಓದಿದಳು.
"ಯಾವ ಕಾಲದ ಸ್ಯಾಡ್ ಬರೆದೆ, ಹುಡುಗಿ?
ಸಾವಿರ ವರ್ಷದ ಹಿಂದೆ ಈ ಮಾತಿಗೆ ಕಣ್ಣೀರು ಗೊತ್ತಿರಲಿಲ್ಲ.
ಹೊಟ್ಟೆ ತುಂಬಿದವನು ಬಟ್ಟಲು ಆಚೆ ದೂಡುವ ಮಾತು.
ತುಂಬಿದ್ದು ಭಾರವಾಯಿತು, ಭಾರವಾದದ್ದು ಗಂಭೀರವಾಯಿತು,
ಬಣ್ಣ ಮಬ್ಬಾಯಿತು, ಆಮೇಲೆ ಯಾವಾಗಲೋ
ಹೊಟ್ಟೆಯಿಂದ ಒಂದು ಗೇಣು ಮೇಲೆ ಹತ್ತಿ
ಎದೆಯಲ್ಲಿ ಕೂತಿತು."

ಬಾಗಿಲು ಬಡಿಯದಂತೆ ಇಟ್ಟ ಎರಕದ ಇಸ್ತ್ರಿ ತೋರಿಸಿದಳು.
ಅದೂ ಸ್ಯಾಡ್ ಅಂತೆ. ಯಾರನ್ನೂ ನೆನೆದು ಅತ್ತದ್ದಲ್ಲ,
ಬರೀ ತೂಕಕ್ಕೆ ಆ ಹೆಸರು.
ಮತ್ತೆ ಸ್ಯಾಡ್ ಕೇಕು: ಉಬ್ಬಲೊಲ್ಲದ ಹಿಟ್ಟಿನದು, ಅಲ್ಲಲ್ಲಿ ಒಣದ್ರಾಕ್ಷಿ.
"ಯುದ್ಧದ ವರ್ಷ ಕೊರಳಿಗೆ ಚೀಟಿ ಕಟ್ಟಿ ರೈಲು ಹತ್ತಿಸಿದರು.
ಸ್ಲಿಪ್ಪರ್ ಕಾರ್ಖಾನೆಯ ಹೆಂಗಸೊಬ್ಬಳು ಸ್ಟೇಷನ್ನಿನಲ್ಲಿ
ನನ್ನನ್ನೇ ಆರಿಸಿಕೊಂಡಳು. ಮೊದಲ ರಾತ್ರಿ ಅದೇ ಕೇಕು.
ಕರೆದೊಯ್ಯಲು ಆಮೇಲೆ ಯಾರೂ ಬರಲಿಲ್ಲ.
ಅವಳ ಮನೆತನದ ಹೆಸರೇ ನನಗೂ ಉಳಿಯಿತು."

ನನ್ನ ಹತ್ತಿರವೂ ಒಂದಿತ್ತು. ಸೊಂಟದ ಸಂಚಿ ಬಿಚ್ಚಿದಂತೆ ಬಿಚ್ಚಿದೆ.
ಸಾಕು, ಎಂದೆ.
ಪಂಕ್ತಿಯಲ್ಲಿ ಎಲೆಯ ಮೇಲೆ ಅಂಗೈ ಅಡ್ಡ ಹಿಡಿದರೆ, ಸಾಕು,
ಹುಗ್ಗಿಯ ಸೌಟು ನಿಲ್ಲುತ್ತದೆ. ನಿಂತರೆ.
ಗದಗಿನ ನಮ್ಮ ಓಣಿಯಲ್ಲಿ ಕೊಡ ಇಳಿಸಿ ಚಿಗವ್ವ
ಸಾಕಾತವ್ವಾ ಎಂದರೆ ಅದು ಹೊಟ್ಟೆಯ ಮಾತಲ್ಲ.
ನಿಮ್ಮ ಸ್ಯಾಡ್ ಹತ್ತಿದ ಅದೇ ಗೇಣನ್ನು ಇದೂ ಹತ್ತಿದೆ.
ಇನ್ನೊಂದಿದೆ, ಅದೇ ಉಲಿ, ಬೇರೆ ಬಾಳು:
ಹೆತ್ತವಳೋ ಹೆರದವಳೋ, ಕೂಸೊಂದನ್ನು ಉಣಿಸಿ ತಿನಿಸಿ
ದೊಡ್ಡದು ಮಾಡುವುದಕ್ಕೂ ನಮ್ಮಲ್ಲಿ
ಸಾಕು ಎಂದೇ ಹೆಸರು.

ಅವಳು ಬಾಯಲ್ಲಿ ಹೊರಳಿಸಿದಳು, ಬಿಸಿ ಆಲೂಗಡ್ಡೆಯಂತೆ.
ಸಾಕೂ. ಸಾ, ಕು.
ಕಿಟಕಿಯಾಚೆ ಹಾಲಿನ ಗಾಡಿ ಗೊಣಗುತ್ತ ಏರು ಹತ್ತಿತು.
ಫೋನು ಗುಂಯ್ ಎಂದಿತು: ನಾಲ್ಕು ನಿಮಿಷ ಹೆಚ್ಚಾಗಿದೆ, ಮುಂದಿನ ಮನೆ.

ಇನ್ನೊಂದು ಚೂರು ಟೋಸ್ಟು? ಎಂದೆ.
ತಟ್ಟೆಯ ಮೇಲೆ ಅಂಗೈ ಹರಡಿ, ನನ್ನನ್ನೇ ನೋಡುತ್ತ
ಅಂದಳು: ಸಾಕು.
ಮೂರರಲ್ಲಿ ಯಾವುದು ಎಂದು ಕೇಳಲಿಲ್ಲ ನಾನು.
ಒಂದು ಕಾಲುಚೀಲ ಇನ್ನೂ ನನ್ನ ಕೈಯಲ್ಲೇ ಇತ್ತು.